ಚಕ್ರದ ಮನೆಗೆ ಸಸ್ಯಾಹಾರಿ ಗಮ್ಮು

"ಇದ್ರೊಳ್ಗೆ ಎಲುಬಿನ್ ಪುಡಿ ಹಾಕ್ತ್ರಂಬ್ರ್, ಹೌದಾ ಮಾಣಿ?"

ತುಂಗತ್ತೆ ಬಿಳಿ ಗಮ್ಮಿನ ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಹಿಡಿದು, ಮುಟ್ಟಿಯೂ ಮುಟ್ಟದ ಹಾಗೆ ಜಗಲಿಯ ಬೆಳಕಿಗೆ ಎತ್ತಿ ನೋಡಿದರು. ಮಾಣಿ, ಅಂದರೆ ಹುಡುಗ, ಎನಿಸಿಕೊಂಡ ಕಮಲಾಕ್ಷ ಮಯ್ಯರಿಗೆ ಜುಟ್ಟು ಬಿಟ್ಟರೆ ಉಳಿದ ಕೂದಲೆಲ್ಲ ಎಂದೋ ರಾಜೀನಾಮೆ ಕೊಟ್ಟು ಹೋಗಿತ್ತು. ಆದರೆ ಅಪ್ಪಯ್ಯನ ತಂಗಿಯ ಕಣ್ಣಿಗೆ ಮಾಣಿ ಎಂದರೆ ಮಾಣಿಯೇ. ಅದಕ್ಕೆ ನಿವೃತ್ತಿ ವಯಸ್ಸು ಎಂಬುದಿಲ್ಲ.

"ಯಾರ್ ಹೇಳಿದ್ ನಿಮ್ಗೆ?" ಎಂದರು ಮಯ್ಯರು.

"ಯಾರ್ ಹೇಳ್ಕ್? ನಮ್ಮ್ ಕಾಲ್ದಗೆ ಆಚಾರಿ ಗಮ್ಮ್ ಕಾಯ್ಸ್ರೆ ನಾವ್ ತೋಟದ್ ಆಚಿ ಹೋಯಿ ಕೂಕಂತಿದ್ದಿತ್. ಅಂಥಾ ನಾತ. ಎಲುಬು, ಚರ್ಮ, ಗೊರಸು ಎಲ್ಲಾ ಬೇಸಿ ಮಾಡುದ್."

"ಅದ್ ಆಗಿನ್ ಕಾಲ್ದ್ ಗಮ್ಮ್. ಇದ್ ಬೇರೆ."

"ಬೇರೆ ಅಂದೇಳಿ ಡಬ್ಬಿ ಮೇಲ್ ಬರ್ದಿತ್ತಾ?"

ಬರೆದಿರಲಿಲ್ಲ. ಮರಕ್ಕೆ, ಕಾಗದಕ್ಕೆ, ಬಟ್ಟೆಗೆ ಎಂದೆಲ್ಲ ಬರೆದಿತ್ತು. ಮಕ್ಕಳ ಕೈಗೆ ಸಿಗದಂತೆ ಇಡಿ ಎಂದೂ ಬರೆದಿತ್ತು. ಒಳಗೆ ಎಲುಬಿಲ್ಲ ಎಂದು ಒಂದು ಸಾಲು ಬರೆಯುವುದು ಮಾತ್ರ ತಯಾರಿಸಿದವರಿಗೆ ತೋಚಿರಲಿಲ್ಲ. ಅವರು ತುಂಗತ್ತೆಯನ್ನು ಕಂಡವರಲ್ಲ.

ಗಮ್ಮಿನ ವಿಚಾರಣೆ ಜಗಲಿಯವರೆಗೆ ಬರಲು ಕಾರಣ, ಅಂಗಳದ ಹಲಸಿನ ಮರದಡಿ ನಿಂತಿದ್ದ ಚಕ್ರದ ಮನೆ. ಮಯ್ಯರ ಹೆಂಡತಿ ವನಮಾಲಾ ಅವರ ದೊಡ್ಡಪ್ಪನ ಮಗ ಹೃಷಿಕೇಶ, ಮುಂಬಯಿಯಲ್ಲಿ ಹೋಟೆಲಿಟ್ಟವನು, ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಹುಕಿಯಲ್ಲಿ ತರಿಸಿದ ಕ್ಯಾರವಾನ್ ಅದು. ಎಂಜಿನ್ ಇಲ್ಲ, ಬೇರೆ ಗಾಡಿಯ ಹಿಂದೆ ಕೊಕ್ಕೆ ಹಾಕಿ ಎಳೆದೊಯ್ಯಬೇಕು. ಒಳಗೆ ಎರಡು ಮಂಚ, ಒಂದು ಒಲೆ, ಒಂದು ನೀರಿನ ತೊಟ್ಟಿ. ಹುಕಿ ಇಳಿದ ಮೇಲೆ ಅವನು ಅದನ್ನು ಮಯ್ಯರ ಅಂಗಳದಲ್ಲಿ ನಿಲ್ಲಿಸಿ, "ಬಾವ, ನೀವೇ ಇಟ್ಕಣಿ" ಎಂದು ಹೇಳಿ ಹೋಗಿದ್ದ. ಸಾಲಿಗ್ರಾಮದ ಎರಡು ಮಳೆಗಾಲ ಅದರ ಮಾಡಿನ ಸಂದಿಯಲ್ಲಿ ದಾರಿ ಹುಡುಕಿ, ಒಂದು ಬದಿಯ ಗೋಡೆಯೊಳಗೆ ಇಳಿದು ಕೂತಿತ್ತು. ಗೋಡೆ ಈಗ ಏಳು ತಿಂಗಳ ಬಸುರಿಯ ಹಾಗೆ ಉಬ್ಬಿತ್ತು.

ಈ ಗೋಡೆಯ ವಿಷಯದಲ್ಲಿ ಮಯ್ಯರು ಒಂದು ಸಣ್ಣ ಬಡಾಯಿ ಕೊಚ್ಚಿಕೊಂಡದ್ದುಂಟು. ಗಾಡಿ ಬಂದ ದಿನ ಯಾರೋ ಬೆರಳಲ್ಲಿ ತಟ್ಟಿ, "ಎಂತ ಭಟ್ರೆ, ಡಬ್ಬದ್ ಹಾಂಗೆ ಕೇಂತ್ ಇತ್ತಲೆ" ಎಂದಿದ್ದರು. ಮಯ್ಯರಿಗೆ ನಾಟಿತು. "ಡಬ್ಬ ಅಲ್ಲ ಮರಾಯ್ರೆ, ವಿಮಾನಕ್ಕ್ ಹಾಕು ಮಟೀರಿಯಲ್" ಎಂದುಬಿಟ್ಟರು. ಮೊನ್ನೆ ಉಬ್ಬಿದ ಹಲಗೆಯ ಮೂಲೆಯನ್ನು ಮೆಲ್ಲನೆ ಎಬ್ಬಿಸಿ ಇಣುಕಿದರೆ, ಒಳಗಿದ್ದದ್ದು ಥರ್ಮಕೋಲ್. ಮೀನಿನ ಪೆಟ್ಟಿಗೆ ಮಾಡುತ್ತಾರಲ್ಲ, ಅದೇ. ಎರಡು ತೆಳು ಹಲಗೆಗಳ ನಡುವೆ ಸ್ಯಾಂಡ್‌ವಿಚ್ಚಿನ ಹಾಗೆ ಇಟ್ಟು ಅಂಟಿಸಿದ್ದರು. ನೀರು ಹೋಗಿ ಅಂಟು ಬಿಟ್ಟಿತ್ತು. ಮಯ್ಯರು ಅತ್ತಿತ್ತ ನೋಡಿ ಮೂಲೆಯನ್ನು ಮತ್ತೆ ಒತ್ತಿ ಮುಚ್ಚಿ, ಅದರ ಮೇಲೆ ಒಣಹಾಕುವ ನೆವದಲ್ಲಿ ಒಂದು ಪಂಚೆ ಹರವಿದರು.

ಇನ್ನು, ಇಷ್ಟೆಲ್ಲ ಯಾಕೆ ಎಂದರೆ ವನಮಾಲಾ ಅವರಿಗಾಗಿ.

ಮದುವೆಯಾಗಿ ಈ ಮನೆಗೆ ಬಂದ ಲಾಗಾಯ್ತು ಅವರು ಬೆಳಕು ಹರಿಯುವ ಮೊದಲು ಎದ್ದು ದೇವಸ್ಥಾನಕ್ಕೆ ಹೂ ಕೊಯ್ದು ಕೊಡುತ್ತಿದ್ದಾರೆ. ಪೂಜೆಯ ಪಾಳಿ ಮಯ್ಯರಿಗೂ ಅಣ್ಣ ಶ್ರೀರಾಮ ಮಯ್ಯರಿಗೂ ವರ್ಷಕ್ಕೊಬ್ಬರಂತೆ. ಆದರೆ ಅಣ್ಣನ ಪಾಳಿಯ ವರ್ಷವೇ ಅಣ್ಣನ ಸೊಂಟ ಕೈಕೊಡುವ ಸಂಪ್ರದಾಯ ಇದ್ದುದರಿಂದ ಎಲ್ಲ ವರ್ಷವೂ ಇವರದೇ. ಒಮ್ಮೆ ಬೈಂದೂರಿನ ಮದುವೆಗೆ ಹೋಗುವಾಗ, ಬಸ್ಸು ಮರವಂತೆಯ ಹತ್ತಿರ ಒಂದು ಬದಿ ಹೊಳೆ ಇನ್ನೊಂದು ಬದಿ ಕಡಲು ಇಟ್ಟುಕೊಂಡು ಓಡುತ್ತಿದ್ದಾಗ, ವನಮಾಲಾ ಕಿಟಕಿಗೆ ಹಣೆ ಕೊಟ್ಟು, "ಒಂದ್ ರಾತ್ರಿ ಇಲ್ಲೇ ಮನಿಕಂಬುಕಾರೆ ಹ್ಯಾಂಗಿರ್ತಿತ್ತ್" ಎಂದಿದ್ದರು. ಅಷ್ಟೇ. ಅಲ್ಲಿ ಮಲಗುವ ಆಸೆಯನ್ನು ಎರಡನೇ ಸಲ ಹೇಳಿದವರಲ್ಲ. ಮಯ್ಯರು ಮರೆತವರೂ ಅಲ್ಲ.

ಲಾಡ್ಜಿನಲ್ಲಿ ಉಳಿಯುವ ಹಾಗಿಲ್ಲ. ದೇವರನ್ನು ಮುಟ್ಟುವ ಕೈ ಕಂಡವರ ಪಾತ್ರೆಯಲ್ಲಿ ಉಣ್ಣಬಾರದು, ಕಂಡವರ ಹಾಸಿಗೆಯಲ್ಲಿ ಮಲಗಬಾರದು ಎಂಬುದು ತುಂಗತ್ತೆಯ ಕಾಯಿದೆ. ಚಕ್ರದ ಮನೆಯಾದರೆ ಒಲೆ ನಮ್ಮದು, ಬಾವಿಯ ನೀರು ನಮ್ಮದು, ಚಾಪೆ ನಮ್ಮದು. ಈ ವರ್ಷ ಅಣ್ಣನ ಸೊಂಟವೂ ಯಾಕೋ ನಿಯತ್ತಾಗಿ ನಡೆದುಕೊಂಡಿತ್ತು. ತುಲಾ ಸಂಕ್ರಮಣಕ್ಕೆ ಪಾಳಿ ಇತ್ತ ಬರುತ್ತದೆ. ಅದರೊಳಗೆ ಹೋದರೆ ಹೋದ ಹಾಗೆ. ಇಲ್ಲದಿದ್ದರೆ ವರ್ಷ ಕಳೆದು ಮತ್ತೆ ಆ ಸೊಂಟವನ್ನೇ ನಂಬಬೇಕು.

"ಅದ್ರೊಳ್ಗ್ ಕೂಕಂಡ್ ಉಂಬುದ್. ಮನಿಕಂಬುದ್. ಅಲ್ಲಿಂದ ಬಂದ್ ಸೀದಾ ದೇವ್ರನ್ ಮುಟ್ಟುದ್," ಎಂದು ತುಂಗತ್ತೆ ಡಬ್ಬಿಯನ್ನು ಕೆಳಗಿಟ್ಟರು. "ಸುತ್ತ ನಾಲ್ಕ್ ಬದಿಗೂ ಎಲುಬ್ ಮೆತ್ತಿ ನಡುಗೆ ಕೂಕಂಡಾಂಗಾಯ್ತ್. ಶುದ್ಧದ್ ತಕಂಡ್ ಬಾ."

"ಹಾಂಗಾರೆ ಈ ಡಬ್ಬಿ ನಾ ಒಳ್ಗ್ ಇಡ್ತೆ," ಎಂದು ವನಮಾಲಾ ಅದನ್ನು ಎತ್ತಿಕೊಂಡು ಹೋದರು. ಹಿಂದಿನ ದಿನ ಮುರಿದಿದ್ದ ಹೂವಿನ ಪೆಟ್ಟಿಗೆಯ ಮುಚ್ಚಳ ಅವರ ಕಂಕುಳಲ್ಲಿ ಇದ್ದದ್ದನ್ನು ಯಾರೂ ಗಮನಿಸಲಿಲ್ಲ. ಶುದ್ಧಾಶುದ್ಧದ ದೊಡ್ಡ ಪ್ರಶ್ನೆ ನಡೆಯುವಾಗ ಹೆಂಗಸರ ಕಂಕುಳ ಯಾರು ನೋಡುತ್ತಾರೆ.

ಪೇಟೆಯಲ್ಲಿ ಮನೀಷನ ಹಾರ್ಡ್‌ವೇರ್ ಅಂಗಡಿ. ಮಯ್ಯರು ಹೋದಾಗ ಅಲ್ಲಿ ಪೈಪಿನ ಬೆಂಡು ಕೊಳ್ಳಲು ಬಂದವರೊಬ್ಬರು, ಬೀಗ ಕೊಳ್ಳಲು ಬಂದವರೊಬ್ಬರು, ಏನೂ ಕೊಳ್ಳದೆ ಫ್ಯಾನಿನಡಿ ಕೂತವರು ಇಬ್ಬರು ಇದ್ದರು.

"ಮನೀಷ, ಎಲುಬ್ ಇಲ್ದಿದ್ ಗಮ್ಮ್ ಕೊಡ್," ಎಂದರು ಮಯ್ಯರು.

ಮನೀಷ ಕೆಲಸ ಬಿಟ್ಟು ಅವರನ್ನೇ ನೋಡಿದ. ಆಮೇಲೆ, ಗಿರಾಕಿ ದೇವರೆಂದು ನಂಬಿದ ವ್ಯಾಪಾರಿಯ ಹಾಗೆ, ಕಪಾಟಿನ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದ.

"ಬಿಸ್ಕೀಟಿಗ್ ಇರತ್ತಲೆ ಹಸ್ರು ಚುಕ್ಕಿ, ಅದ್ ಗಮ್ಮಿಗ್ ಇರುದಿಲ್ಲೆ ಮಯ್ಯರೆ. ಯಾರೂ ಗಮ್ಮ್ ತಿಂಬುದಿಲ್ಲೆ ಕಾಣಿ."

"ತಿಂಬುದಿಲ್ಲೆ. ಆದ್ರೆ ಅದ್ರೊಳ್ಗ್ ಕೂಕಂಡ್ ತಿಂತ್ರಲೆ."

ಫ್ಯಾನಿನಡಿಯವರು ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

"ಅದೆಲ್ಲ ಇರ್ಲಿ. ಎಂತಕ್ಕ್ ಅಂಟ್ಸುದ್?" ಎಂದು ಮನೀಷ ಕೇಳಿದ.

ಇಲ್ಲಿ ಮಯ್ಯರು ಥರ್ಮಕೋಲಿಗೆ ಎಂದು ಒಂದು ಮಾತು ಹೇಳಿದ್ದರೆ ಕಥೆ ಇಲ್ಲಿಗೇ ಮುಗಿದು, ಎಲ್ಲರೂ ಊಟಕ್ಕೆ ಹೋಗಬಹುದಿತ್ತು. ಆದರೆ ಫ್ಯಾನಿನಡಿ ಕೂತವರಲ್ಲಿ ಒಬ್ಬರು, ಅಂದು ಗೋಡೆ ತಟ್ಟಿ ಡಬ್ಬ ಎಂದವರೇ. ಅವರ ಹುಬ್ಬು ಅದಾಗಲೇ ಅರ್ಧ ಏರಿತ್ತು.

"ವಿಮಾನಕ್ಕ್ ಹಾಕು ಮಟೀರಿಯಲ್ಲಿಗೆ," ಎಂದರು ಮಯ್ಯರು.

"ವಿಮಾನಕ್ಕ್ ಹಚ್ಚು ಗಮ್ಮ್ ಸಾಲಿಗ್ರಾಮದಗೆ ಸಿಕ್ಕತ್ತಾ?" ಎಂದರು ಪೈಪಿನವರು.

"ಅದೂ ಸಸ್ಯಾಹಾರಿ," ಎಂದರು ಬೀಗದವರು.

ಮನೀಷ ಸೋಲಲಿಲ್ಲ. ಎರಡು ಟ್ಯೂಬುಗಳ ಒಂದು ಪೆಟ್ಟಿಗೆ ತೆಗೆದ. ಎರಡನ್ನೂ ಸಮಸಮ ಕಲಸಿ ಹಚ್ಚಬೇಕು, ಒಣಗಿದ ಮೇಲೆ ಕಲ್ಲು. ಮಯ್ಯರು ಒಂದರ ಮುಚ್ಚಳ ತೆಗೆದು ಮೂಸಿದರು. ಮುಖ ಕಿವುಚಿತು. ಗಂಗೊಳ್ಳಿ ಬಸ್ಸಿನಲ್ಲಿ ಒಣಮೀನಿನ ಬುಟ್ಟಿಯ ಪಕ್ಕ ಸೀಟು ಸಿಕ್ಕ ದಿನದ ನೆನಪು ಮೂಗಿನಿಂದ ನೇರ ತಲೆಗೆ ಏರಿತ್ತು.

"ಇದ್ರಗೆ ಮೀನ್ ಇತ್ತ್," ಎಂದರು.

"ಮೀನ್ ಅಲ್ಲ ಮಯ್ಯರೆ. ಅದ್ರ್ ವಾಸ್ನಿಯೇ ಹಾಂಗೆ."

"ವಾಸ್ನಿ ಸುಮ್ನೆ ಬಪ್ಪುದಾ?"

ಮನೀಷ ಆ ಪೆಟ್ಟಿಗೆಯನ್ನು ಒಳಗಿಟ್ಟ. ಕೊನೆಗೆ ಕೆಳಗಿನ ಕಪಾಟಿನಿಂದ ಒಂದು ತಗಡಿನ ಡಬ್ಬ ಎತ್ತಿ ಮುಚ್ಚಳ ಮೀಟಿದ. ಒಳಗೆ ಜೇನಿನ ಬಣ್ಣದ, ಪೆಟ್ರೋಲಿನ ಗಮಲಿನ ದಪ್ಪ ಅಂಟು.

"ಇದ್ ಎಂತದ್ರಿಂದ ಮಾಡುದ್?"

"ರಬ್ಬರ್. ಚಪ್ಲಿಗೆ, ಸೋಫಕ್ಕೆ, ಎಲ್ಲದಕ್ಕೂ ಇದೇ. ಹಿಡ್ದ್ರೆ ಬಿಡುದಿಲ್ಲೆ. ವಿಮಾನಕ್ಕಾರೆ ಇದೇ ಸಮ."

"ರಬ್ಬರ್ ಅಂದ್ರೆ ಮರದ್ ಹಾಲ್ ಅಲ್ದಾ?"

ಮನೀಷ ಒಂದು ಗಳಿಗೆ ಯೋಚಿಸಿ, ಹೌದೆಂದ. ಮಯ್ಯರ ಮುಖ ದೀಪ ಹಚ್ಚಿದಂತಾಯಿತು. ಅಲ್ಲಿಂದಲೇ ಮನೆಗೆ ಫೋನು. ತುಂಗತ್ತೆಗೆ ಕಿವಿ ಮಂದವಾದ್ದರಿಂದ ಮಯ್ಯರ ದನಿ ಹೊರಗಿನ ಆಟೋ ಸ್ಟ್ಯಾಂಡಿನವರೆಗೂ ಹೋಯಿತು.

"ಮರದ್ ಹಾಲಾರೆ ಅಡ್ಡಿಲ್ಲೆ," ಎಂದು ಫೋನು ತೀರ್ಪು ಕೊಟ್ಟಿತು. "ಹಲ್ಸಿನ್ ಮೇಣದ್ ಹಾಂಗಾಯ್ತ್. ಯಾವ್ ಮರ?"

"ರಬ್ಬರ್ ಮರ."

"ಮರ ಆಯ್ತಲೆ. ಸಾಕ್. ತಾ."

ಹೀಗೆ, ಆ ಗೋಡೆಗೆ ಆಗಿಬರುವಂಥ ಎರಡು ಗಮ್ಮುಗಳನ್ನು ಎಲುಬಿನ ಮತ್ತು ಮೀನಿನ ಅನುಮಾನದ ಮೇಲೆ ಹೊರಹಾಕಿ, ಆಗಿಬಾರದ ಒಂದನ್ನು ಕುಲ ವಿಚಾರಿಸಿ ಮನೆಗೆ ಕರೆತಂದದ್ದಾಯಿತು.

ಮರುದಿನ ಬೆಳಗ್ಗೆಯೇ ಗೇಟಿನ ಹತ್ತಿರ ದನಿ ಕೇಳಿತು.

"ಹ್ವಾಯ್ ಭಟ್ರೆ, ವಿಮಾನ ರಿಪೇರಿ ಅಂಬ್ರಲೆ?"

ಬಚ್ಚ. ತ್ರಾಸಿಯ ಕಡೆಯವನು, ಏಳನೇ ಕ್ಲಾಸಿನವರೆಗೆ ಮಯ್ಯರ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಈಗ ಮೀನಿನ ಟೆಂಪೋ ಇಟ್ಟುಕೊಂಡವನು. ಚಕ್ರದ ಮನೆಯನ್ನು ಕಡಲಿನವರೆಗೆ ಎಳೆದೊಯ್ಯುವ ಕೊಕ್ಕೆ ಇದ್ದದ್ದು ಆ ಟೆಂಪೋಕ್ಕೆ ಮಾತ್ರ. ಅವನ ಹಿಂದೆ ಆಚೀಚೆ ಮನೆಯ ನಾಲ್ಕೈದು ಜನರೂ ಬಂದಿದ್ದರು. ವಿಮಾನ ದಿನಾ ರಿಪೇರಿ ಆಗುವ ಊರಲ್ಲ ನಮ್ಮದು.

ಮಯ್ಯರು ಅವರನ್ನೆಲ್ಲ ಒಂದು ದೂರದಲ್ಲಿ ನಿಲ್ಲಿಸಿ, ಗಾಡಿಯ ಬಾಗಿಲಿಗೆ ಎರಡು ಪಂಚೆಗಳನ್ನು ಪರದೆಯ ಹಾಗೆ ಕಟ್ಟಿದರು. "ಕಂಪ್ನಿ ಗುಟ್ಟ್. ಕಾಣುಕಾಗ," ಎಂದರು. ತುಂಗತ್ತೆಗೆ ಮಾತ್ರ ಪರದೆಯ ಒಳಗೆ ಕುರ್ಚಿ. ಒಳಗಿನ ಉಬ್ಬಿದ ಹಲಗೆಯನ್ನು ಮಯ್ಯರು ಹಿಂದಿನ ಸಂಜೆಯೇ ಬಿಚ್ಚಿ, ಥರ್ಮಕೋಲನ್ನು ಒಣಗಲು ಬಿಟ್ಟಿದ್ದರು. ಈಗ ಪೂರ್ವಕ್ಕೆ ಮುಖ ಮಾಡಿ ನಿಂತು, ಮರದ ಹಾಲಿನಲ್ಲಿ ಬ್ರಶ್ಶು ಅದ್ದಿ, ಧಾರಾಳವಾಗಿ ಬಳಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಬಿಳಿಯ ಮೈಮೇಲೆ ಸಣ್ಣ ಸಣ್ಣ ಗುಳಿಗಳು ಬಿದ್ದವು. ಗುಳಿಗಳು ಒಂದಕ್ಕೊಂದು ಕೂಡಿ ಬಾವಿಗಳಾದವು. ಬೆಲ್ಲದ ಮೇಲೆ ಬಿಸಿನೀರು ಹೊಯ್ದ ಹಾಗೆ ಗೋಡೆ ಒಳಗೊಳಗೆ ಇಳಿಯತೊಡಗಿತು. ಚುರ್ ಎಂದು ಸಣ್ಣ ಸದ್ದು ಬೇರೆ.

"ಕುಡಿತಾ ಇತ್ತ್ ಮಾಣಿ," ಎಂದರು ತುಂಗತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ಎರಡ್ ವರ್ಷದ್ ಬಾಯಾರ್ಕಿ. ಇನ್ನೂ ಹಾಕ್."

ಹಾಕಿದರು. ಅದು ಇನ್ನೂ ಕುಡಿಯಿತು. ಅಂಟು ಸಾಲದೆ ಹೀಗಾಗುತ್ತಿದೆ ಎಂದು ಅತ್ತೆ, ಅತ್ತೆ ಹೇಳಿದ ಮೇಲೆ ಸರಿಯಿರಬೇಕು ಎಂದು ಅಳಿಯ. ಅಂಟಿನೊಳಗಿನ ಪೆಟ್ರೋಲಿನಂಥದ್ದು ಥರ್ಮಕೋಲನ್ನು ಕರಗಿಸುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಡಬ್ಬ ತಳ ಕಂಡಿತು.

"ಎಂತದ್ ಭಟ್ರೆ, ಒಳ್ಗ್ ಒಗ್ಗರ್ಣೆ ಹಾಕ್ತಿದ್ರ್ಯಾ?" ಎಂದು ಹೊರಗಿನಿಂದ ಬಚ್ಚ ಕೇಳಿದ. ಕೇಳುತ್ತಲೇ ಪರದೆ ಸರಿಸಿ ಇಣುಕಿದ. ಅವನ ಹಿಂದೆ ನಾಲ್ಕೈದು ತಲೆಗಳು ಇಣುಕಿದವು.

ಅವನು ಸ್ವಲ್ಪ ಹೊತ್ತು ನೋಡಿ, "ಭಟ್ರೆ, ಇದ್ ನಮ್ಮ್ ಮೀನಿನ್ ಪೆಟ್ಗಿ ಥರ್ಮಕೋಲ್ ಅಲ್ದಾ?" ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು ಎಂದು ಮಯ್ಯರಿಗೆ ಅನಿಸಿತು. ಎಲ್ಲರೂ ವಿಮಾನವನ್ನು ನೋಡುವಷ್ಟೇ ಗಂಭೀರವಾಗಿ ಥರ್ಮಕೋಲನ್ನು ನೋಡಿದರು. ತುಂಗತ್ತೆ ಮಾತ್ರ ನಿಧಾನವಾಗಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಮೀನಿನ್ ಪೆಟ್ಗಿದಾ ಬಚ್ಚ?"

"ಪೆಟ್ಗಿ ಮಾಡು ವಸ್ತು ಅಮ್ಮ. ಮೀನ್ ಹಾಕುಕ್ ಮುಂಚಿನದ್. ಹೊಸ್ತ್."

"ಹಾಂಗಾರೆ ಅಡ್ಡಿಲ್ಲೆ," ಎಂದರು ತುಂಗತ್ತೆ, ಆದರೆ ಕುರ್ಚಿ ಹಿಂದೆಯೇ ಉಳಿಯಿತು.

"ಪೆಟ್ಗಿ ಒಡ್ದ್ರೆ ಅಂಟ್ಸುಕ್ ನಂಗ್ ಗೊತ್ತಿಲ್ಲೆ, ನಾವ್ ಬಿಸಾಡುದ್," ಎಂದ ಬಚ್ಚ. "ಆದ್ರೆ ಬೆದ್ರುಕಾಗ. ನನ್ನ್ ಬಾವನ್ ಫೈಬರ್ ದೋಣಿಗ್ ಹಾಕಿ ಉಳ್ದ್ ರೆಸಿನ್ ಟೆಂಪೋದಗೇ ಇತ್ತ್. ಕಡ್ಲಗ್ ನಿಲ್ಲುದ್, ನಿಮ್ಮ್ ಅಂಗ್ಳದಗೆ ನಿಲ್ಲುದಿಲ್ಯಾ?"

ಕಡಲಿನ ಹೆಸರು ಹೇಳಿದ ಮೇಲೆ ನಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ. ರೆಸಿನ್ನು ಎಂಬ ಅಂಟುರಾಳ ಬಂತು, ಬಚ್ಚ ಕಲಸಿದ, ಹೊಯ್ದ. ಅಲ್ಲಲ್ಲಿ ಉಳಿದಿದ್ದ ಬಿಳಿಯೂ ಬಿಸಿಯಾಗಿ, ಹೊಗೆಯಾಡಿ, ಅಪ್ಪಳದ ಹಾಗೆ ಮುರುಟಿ, ಕೊನೆಗೆ ಒಂದಿಷ್ಟು ಲೋಳೆಯಾಗಿ ಕೆಳಗಿಳಿಯಿತು. ಹಿಡಿದುಕೊಳ್ಳಲು ಒಳಗೆ ಏನೂ ಇಲ್ಲವೆಂದು ಗೊತ್ತಾದಾಗ ಹೊರಗಿನ ಹಾಳೆ ಒಮ್ಮೆ ನಿಟ್ಟುಸಿರು ಬಿಟ್ಟು ಅಂಗಳಕ್ಕೆ ಒರಗಿತು. ಮೂಲೆಯ ಕಬ್ಬಿಣದ ಕಂಬಗಳ ನಡುವೆ, ಗೋಡೆ ಇರಬೇಕಾದಲ್ಲಿ, ಹಲಸಿನ ಮರವೂ ಅದರಾಚೆಯ ಬಾವಿಕಟ್ಟೆಯೂ ಚೆನ್ನಾಗಿ ಕಾಣುತ್ತಿದ್ದವು.

ಮಯ್ಯರು ಮುಂಬಯಿಗೆ ಫೋನು ಹಚ್ಚಿ, ವಿಮಾನದ್ದು ಎಂದದ್ದು ಯಾಕೆ ಎಂದು ಕೇಳಿದರು.

"ವಿಮಾನದ್ ಹಾಂಗೆ ಹಗುರ ಅಂದಿದ್ದೆ ಬಾವ," ಎಂದ ಹೃಷಿಕೇಶ. ಹಿಂದೆ ಹೋಟೆಲಿನ ತಟ್ಟೆಗಳ ಸದ್ದು. "ವಿಮಾನದ್ದೇ ಅಂದಿದ್ನಾ? ಎಂತಾರೂ ಆಯ್ತಾ ಗಾಡಿಗೆ?"

"ಇಲ್ಲೆ," ಎಂದರು ಮಯ್ಯರು. "ಗಾಳಿ ಸಮಾ ಬತ್ತ್ ಇತ್ತ್."

ಆ ದಿನ ಮನೆಯಲ್ಲಿ ವನಮಾಲಾ ಸಾರಿಗೆ ಒಗ್ಗರಣೆ ಹಾಕುವಾಗ ಚುರ್ ಎಂದದ್ದಕ್ಕೆ ಮಯ್ಯರು ಬೆಚ್ಚಿದ್ದು ಬಿಟ್ಟರೆ ಹೇಳುವಂಥದ್ದು ನಡೆಯಲಿಲ್ಲ.

ಬೆಳಗಾಯಿತು. ವನಮಾಲಾ ಎಂದಿನ ಹಾಗೆ ಮಸುಕಿನಲ್ಲೇ ಹೂ ಕೊಯ್ದು ತಂದು, ಜಗಲಿಯಲ್ಲಿ ಕೂತು, ದಾಸವಾಳ ಒಂದು ಕಡೆ ಕರವೀರ ಒಂದು ಕಡೆ ಬೇರ್ಪಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ತುಂಗತ್ತೆ ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದವರು, ಪೆಟ್ಟಿಗೆಯ ಮುಚ್ಚಳ ತೆಗೆದುಕೊಂಡು ಬೆರಳಿನಿಂದ ಅದರ ನಡುವೆ ಒಂದು ಗೆರೆ ಎಳೆದರು. ಮುಚ್ಚಳ ಎರಡು ತುಂಡಾಗಿದ್ದು ಮತ್ತೆ ಒಂದಾಗಿತ್ತು.

"ಇದ್ ಯಾರ್ ಅಂಟ್ಸದ್?"

"ನಾನೇ. ನೀವ್ ಬ್ಯಾಡ ಅಂದ್ರಲೆ, ಆ ಬಿಳಿ ಗಮ್ಮಗೆ," ಎಂದರು ವನಮಾಲಾ ತಲೆಯೆತ್ತದೆ.

ಕಾಫಿ ಲೋಟ ಹಿಡಿದು ನಿಂತಿದ್ದ ಮಯ್ಯರು ಹತ್ತಿರ ಬಂದು ಬಾಗಿದರು. ಪೆಟ್ಟಿಗೆ ಥರ್ಮಕೋಲಿನದು. ಉಡುಪಿಯಿಂದ ಮಲ್ಲಿಗೆ ಬರುವಂಥದು, ಹೂ ಬಾಡದಿರಲಿ ಎಂದು ವರ್ಷಗಳಿಂದ ಮನೆಯಲ್ಲಿದ್ದದ್ದು. ಅವರು ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಅಂಟು ಬಿಡಲಿಲ್ಲ. ಒಂದು ಗುಳಿಯಿಲ್ಲ, ಒಂದು ಬಾವಿಯಿಲ್ಲ. ಊರಿಡೀ ಹುಡುಕಿದ ಗಮ್ಮು ತಮ್ಮದೇ ಜಗಲಿಯಲ್ಲಿ, ಎದುರಿಗೇ ಕೂತಿತ್ತು.

ಆದರೆ ತುಂಗತ್ತೆಯ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಲೆಕ್ಕ. ಅಂಟಿಸಿದಂದಿನಿಂದ ಇಲ್ಲಿಯವರೆಗೆ ದೇವರಿಗೆ 'ಶುದ್ಧ'ವಾಗಿ ಏರಿದ ಹೂವೆಲ್ಲ ಈ ಎಲುಬಿನ ಮುಚ್ಚಳದ ಅಡಿಯಿಂದಲೇ ಹೋದದ್ದು. ಶ್ರೀರಾಮ ಬಂದು ಒಯ್ದಿದ್ದಾನೆ. ಪೂಜೆ ಆಗಿದೆ. ಪ್ರಸಾದ ಬಂದಿದೆ. ತಾವೇ ಮುಡಿದಿದ್ದಾರೆ.

ಅವರು ತುಂಬ ಹೊತ್ತು ಬತ್ತಿ ಹೊಸೆದರು.

"ಶ್ರೀರಾಮನ್ ಸೊಂಟ ಹ್ಯಾಂಗಿತ್ತ್?" ಎಂದು ಕೇಳಿದರು ಕೊನೆಗೆ.

"ಸಮಾ ಇತ್ತ್," ಎಂದರು ಮಯ್ಯರು.

"ದೇವಸ್ಥಾನದಗೆ ಎಂತಾರೂ ಆಯ್ತಾ?"

"ಎಂತ ಆಯ್ಲಿಲ್ಲೆ."

"ಹೂಂ," ಎಂದು ಮುಚ್ಚಳವನ್ನು ಅವರೇ ಪೆಟ್ಟಿಗೆಯ ಮೇಲಿಟ್ಟರು. ಒಂದು ಕಾಯಿದೆ ತಿದ್ದುಪಡಿಯಾಗುವಾಗ ನಮ್ಮಲ್ಲಿ ಇದಕ್ಕಿಂತ ಹೆಚ್ಚು ಸದ್ದು ಆಗುವುದಿಲ್ಲ.

ಮಯ್ಯರು ಕಾಫಿ ಬಿಟ್ಟು ಅಂಗಿ ಹುಡುಕಿದರು. "ಈಗ್ಳೇ ಕುಂದಾಪ್ರಕ್ಕ್ ಹೋಯಿ ಥರ್ಮಕೋಲ್ ತತ್ತೆ. ಬಿಳಿ ಗಮ್ಮ್ ಇತ್ತಲೆ. ಹಲ್ಗಿ ಬೇರೆ ಹಾಕ್ಸುದ್..."

"ಒಣ್ಗುಕ್ ಬ್ಯಾಡ್ದಾ? ನಾಡಿದ್ದ್ ಸಂಕ್ರಮಣ," ಎಂದರು ವನಮಾಲಾ. ದನಿಯಲ್ಲಿ ಬೇಸರ ಹುಡುಕಿದರೂ ಸಿಗುತ್ತಿರಲಿಲ್ಲ. "ಸಾಕ್ ಬಿಡಿ ಹ್ವಾಯ್. ಬಸ್ಸಗೆ ಹೋಪತಿಗೆ ಹ್ಯಾಂಗೂ ಕಾಂತ್ ಇತ್ತಲೆ ಕಡ್ಲ್."

ಹೇಳುತ್ತ ಹೂವಿನ ತೊಟ್ಟು ಮುರಿಯುತ್ತಿದ್ದರು. ತೊಟ್ಟಿನ ಹಾಲು ತಾಗಿ ತಾಗಿ ಅವರ ಬೆರಳ ತುದಿಗಳು ಕಪ್ಪಾಗಿದ್ದವು. ತಿಕ್ಕಿದರೂ ಹೋಗುವ ಕಪ್ಪಲ್ಲ ಅದು. ಮಯ್ಯರು ಅಂಗಿಯ ಒಂದೇ ತೋಳು ಹಾಕಿಕೊಂಡು ನಿಂತುಬಿಟ್ಟರು. ತುಂಗತ್ತೆ ಆ ಬೆರಳುಗಳನ್ನೇ ನೋಡುತ್ತಿದ್ದರು. ಅವರವೂ ಒಂದು ಕಾಲದಲ್ಲಿ ಹಾಗೇ ಇದ್ದವು.

"ಮಾಣಿ," ಎಂದರು. "ಬಾವಿ ಬದಿ ಮರದ್ ಹಸಿ ಮಡ್ಲ್ ಕಡ್ಸ್."

"ಎಂತಕ್ಕೆ?"

"ನಾ ಹುಟ್ಟದ್ ಕಾಲ್ದಗೆ ಈ ಮನಿಗ್ ಮಡ್ಲಿನ್ ಗ್ವಾಡಿಯೇ ಇದ್ದದ್. ಅದ್ಕ್ ಯಾವ್ ಗಮ್ಮೂ ಬ್ಯಾಡ."

ತೆಂಗಿನ ಗರಿಗಳು ಅಂಗಳಕ್ಕೆ ಬಿದ್ದವು. ಜಗಲಿಯಿಂದ ಇಳಿಯುವಾಗ ಗೋಡೆ ಹಿಡಿಯುವ ತುಂಗತ್ತೆ, ಗರಿಯ ಮುಂದೆ ಕೂತ ಮೇಲೆ ಬೇರೆಯೇ ಹೆಂಗಸಾದರು. ಒಂದರ ಮೇಲೊಂದು ಎಲೆ ಹಾಯಿಸಿ, ಹಿಮ್ಮಡಿಯಲ್ಲಿ ಒತ್ತಿ ಹಿಡಿದು, ಸರಸರನೆ ಹೆಣೆದರು. ಮಯ್ಯರು ಹೆಣೆದ ಒಂದು ಮಡಲನ್ನು ಅತ್ತೆ ನೋಡಿ, "ಇದ್ ವಿಮಾನಕ್ಕ್ ಹಾಕ್," ಎಂದು ಬದಿಗಿಟ್ಟರು. ಮಧ್ಯಾಹ್ನಕ್ಕೆ ಚಕ್ರದ ಮನೆಗೆ ಹಸಿರು ಗೋಡೆ ಬಂತು.

ಅಂದೇ ಇಳಿಹೊತ್ತಿಗೆ ಹೊರಡುವಾಗ ಮೀನಿನ ಟೆಂಪೋ ಒಂದು ಸಣ್ಣ ತೊಡಕಾಯಿತು. ಬಚ್ಚ ಅದನ್ನು ತೊಳೆದು, ಮುಂದೆ ಒಂದು ಮಾಲೆ ಹಾಕಿ ತಂದಿದ್ದ. ಆದರೂ ಮೀನಿನ ಟೆಂಪೋ ಮೀನಿನ ಟೆಂಪೋವೇ. ಎಲ್ಲರೂ ತುಂಗತ್ತೆಯ ಮುಖ ನೋಡಿದರು. ಅವರು ಟೆಂಪೋ ನೋಡಿದರು, ಕೊಕ್ಕೆ ನೋಡಿದರು.

"ನಡುಗೆ ಕಬ್ಣ ಇತ್ತಲೆ," ಎಂದರು. "ಕಬ್ಣಕ್ಕ್ ಮೈಲ್ಗಿ ಇಲ್ಲೆ. ಹೋಯ್ನಿ."

"ನೀವೂ ಬನ್ನಿ ಅತ್ತೆ," ಎಂದರು ವನಮಾಲಾ.

"ನಾ ಬಂದ್ರೆ ಹೂ ಕೊಯ್ಯುದ್ ಯಾರ್? ಹೋಯ್ ಬಾ ಹೆಣ್ಣೇ."

ಮರವಂತೆಯ ಪಕ್ಕದ ತ್ರಾಸಿಯಲ್ಲಿ ಬಚ್ಚ ಗಾಡಿಯನ್ನು ಬಾಗಿಲು ಕಡಲಿಗೆ, ಮಡಲಿನ ಗೋಡೆ ರಸ್ತೆಗೆ ಬರುವಂತೆ ನಿಲ್ಲಿಸಿ, ನಾಳೆ ಬತ್ತೆ ಎಂದು ಹೋದ. ಮಯ್ಯರು ಚಾಪೆ ಹಾಸಿದರು. ವನಮಾಲಾ ಒಲೆ ಹಚ್ಚಿ ಕಷಾಯಕ್ಕೆ ನೀರಿಟ್ಟರು. ಇನ್ನೇನು ಕೂರಬೇಕು, ಅಷ್ಟರಲ್ಲಿ ರಸ್ತೆಯ ಬದಿಯಿಂದ ಯಾರೋ ಮಡಲನ್ನು ತಟ್ಟಿದರು. ಕಾರು ನಿಲ್ಲಿಸಿ ಇಳಿದಿದ್ದ ಒಂದು ಸಂಸಾರ; ಘಟ್ಟದ ಮೇಲಿನವರು.

"ಸಾರ್, ಫಿಶ್ ಫ್ರೈ ಏನೇನಿದೆ?"

ಮಯ್ಯರ ಜುಟ್ಟು, ಜನಿವಾರ, ಹಣೆಯ ಗಂಧ ಒಂದೂ ಆತನನ್ನು ತಡೆಯಲಿಲ್ಲ. ಕಡಲ ಬದಿಯಲ್ಲಿ ಮಡಲು ಕಟ್ಟಿ, ಒಳಗೆ ಒಲೆ ಉರಿಸಿದ ಮೇಲೆ ಅದು ಹೋಟೆಲಲ್ಲದೆ ಇನ್ನೇನು. ಮಯ್ಯರು ಉಸಿರೆಳೆದು, ತಾವು ಯಾರು, ಯಾವ ವಂಶ, ಇದು ಎಂಥ ಮನೆ ಎಂದು ಹೇಳಲು ಬಾಯಿ ತೆರೆದರು. ವಿಮಾನ ಎಂಬ ಶಬ್ದ ನಾಲಗೆಯ ತುದಿಗೆ ಬಂದೇ ಬಿಟ್ಟಿತ್ತು.

"ಫಿಶ್ ಇಲ್ಲೆ. ಕಷಾಯ ಇತ್ತ್. ಬನ್ನಿ, ಕೂಕಣಿ," ಎಂದರು ಹಿಂದಿನಿಂದ ವನಮಾಲಾ.

ಅವರು ಬಂದರು, ಕೂತರು, ಕುಡಿದರು. ಎಷ್ಟಾಯ್ತು ಎಂದು ಕೇಳಿದಾಗ ವನಮಾಲಾ ನಕ್ಕ ನಗೆಯನ್ನು ಮಯ್ಯರು ಮದುವೆಯ ಹೊಸತರಲ್ಲಿ ಎಲ್ಲೋ ಕೇಳಿದ ಹಾಗಿತ್ತು. ಆ ಹೆಂಗಸಿನ ಹತ್ತಿರ ನಿಮ್ಮೂರು ಯಾವುದು, ಅಲ್ಲಿ ಹೂ ಯಾವುದು ಬೆಳೆಯುತ್ತದೆ, ಕಡಲು ಮೊದಲ ಸಲ ನೋಡುವುದಾ ಎಂದು ಕೇಳಿದರು. "ಮೊದಲ ಸಲ ಕಣ್ರೀ, ನಿಮಗೆ ದಿನಾ ನೋಡೋ ಭಾಗ್ಯ" ಎಂದಳು ಅವಳು. ವನಮಾಲಾ ಹೌದು ಎಂದರು. ಸೂರ್ಯ ನೀರಿಗೆ ಇಳಿದ. ಅವರು ಹೋದರು. ಆಮೇಲೆ ಗಂಡ ಹೆಂಡತಿ ಗಂಜಿ ಉಂಡು, ಅಲೆಗಳ ಸದ್ದು ಕೇಳುತ್ತ ಮಲಗಿದರು.

ಮಯ್ಯರಿಗೆ ಎಚ್ಚರವಾದದ್ದು ರೂಢಿಯ ಹೊತ್ತಿಗೇ. ಎದ್ದು ಕೂತು, ಹೆಂಡತಿ ಹೂವಿಗೆ ಹೋಗಿರಬೇಕು ಎಂದುಕೊಂಡು ತಿರುಗಿದರೆ, ವನಮಾಲಾ ಅಲ್ಲೇ ಮಲಗಿದ್ದರು. ಬಾಯಿ ತುಸು ತೆರೆದಿತ್ತು. ಒಂದು ಕೈ ಚಾಪೆಯಿಂದ ಹೊರಗೆ ಚಾಚಿತ್ತು. ಇಷ್ಟು ವರ್ಷಗಳಲ್ಲಿ ಈ ಹೊತ್ತಿನಲ್ಲಿ ಈ ಮುಖ ಹೇಗಿರುತ್ತದೆ ಎಂದು ತಾವು ನೋಡಿಯೇ ಇರಲಿಲ್ಲ ಎಂಬುದು ಮಯ್ಯರಿಗೆ ಹೊಳೆಯಿತು. ಕಡಲು ನೋಡಬೇಕೆಂದು ಬಂದವರು ಕಡಲಿಗೆ ಬೆನ್ನು ಹಾಕಿ ಮಲಗಿದ್ದರು.

ಬೆಳಕು ಹರಿದು, ಹೊಳೆಯ ಆಚೆ ದಡದ ತೆಂಗುಗಳ ಮೇಲೆ ಸೂರ್ಯ ಬಂದ. ಫೋನು ಗುರ್ ಎಂದಿತು. ಮಯ್ಯರು ಅದನ್ನು ಹಿಡಿದು ಕೆಳಗಿಳಿದು, ಹಸಿರು ಗೋಡೆಯ ಬದಿಗೆ ಬಂದರು.

"ಎದ್ಲಾ?" ಎಂದಿತು ತುಂಗತ್ತೆಯ ದನಿ.

"ಇಲ್ಲೆ. ಮನಿಕಂಡಿದ್ಲ್. ಹೂ?"

"ಕೊಯ್ದಾಯ್ತ್. ನಂಗ್ ಕೈ ಇಲ್ಯಾ?" ಆ ಮಾತನ್ನು ಅಲ್ಲಿಗೇ ಬಿಟ್ಟು, "ಗ್ವಾಡಿ ಹ್ಯಾಂಗಿತ್ತ್?" ಎಂದರು.

"ಸಮಾ ಇತ್ತ್. ಸಂದಿಯಗೆ ಒಂಚೂರ್ ಬಿಸ್ಲ್ ಹೋತಾ ಇತ್ತ್."

"ಎಲ್ಲಿಗೆ?"

ಮಯ್ಯರು ಮಡಲಿನ ಸಂದಿಗೆ ಕಣ್ಣಿಟ್ಟು ನೋಡಿದರು. "ಅವ್ಳ್ ಮೊಕಕ್ಕೆ."

"ಅಡ್ಡ ನಿಲ್ಲ್ ಮಾಣಿ," ಎಂದು ತುಂಗತ್ತೆ ಫೋನು ಇಟ್ಟರು.

ಮಯ್ಯರು ಹೆಗಲ ಶಲ್ಯವನ್ನು ಬಿಚ್ಚಿ, ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು, ರಸ್ತೆಗೆ ಮುಖ ಮಾಡಿ ಗೋಡೆಗೆ ಒತ್ತಿ ನಿಂತರು. ಕುಂದಾಪುರದ ಕಡೆ ಹೋಗುವ ಮೊದಲ ಬಸ್ಸಿನ ಕಿಟಕಿಗಳಿಂದ ಒಂದಷ್ಟು ಜನ ಅವರನ್ನು ನೋಡಿಕೊಂಡು ಹೋದರು. ಸೂರ್ಯ ಸ್ವಲ್ಪ ಬಲಕ್ಕೆ ಸರಿದಾಗ, ಮಯ್ಯರೂ ಒಂದು ಹೆಜ್ಜೆ ಸರಿದು ನಿಂತರು.